ಓಡುವಾಗ ತಂಪು, ನಿಂತರೆ ಬಿಸಿ

"ಇಪ್ಪತ್ತಮೂರು," ಎಂದ ರಾಯನ್, ಸೀಟಿನಿಂದ ಹಿಂದಕ್ಕೆ ತಿರುಗಿ ಅಲ್ಲಿಟ್ಟಿದ್ದ ಥರ್ಮಾಮೀಟರ್ ನೋಡಿ. ಐದು ನಿಮಿಷದ ಹಿಂದೆ ಅವನು ಇಪ್ಪತ್ತೊಂದು ಎಂದಿದ್ದ. ಕಾರು ಓಡಿಸುತ್ತಿದ್ದ ಅಶ್ಲಿನ್ ಎ.ಸಿ.ಯ ಕಿಂಡಿಗೆ ಅಂಗೈ ಒಡ್ಡಿದಳು. ಗಾಳಿ ಬರುತ್ತಿತ್ತು, ತಂಪಿರಲಿಲ್ಲ. ಹೊರಗೆ ಮೂವತ್ತೇಳು ಡಿಗ್ರಿ ಬಿಸಿಲು. ಹೈಲ್‌ಬ್ರಾನ್ ದಾಟಿದ ಮೇಲೆ ಜರ್ಮನಿಯ ಆ ಹೆದ್ದಾರಿಯ, ಆಟೋಬಾನಿನ, ಅಷ್ಟೂ ವಾಹನಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತು ನಿಂತು ಸಾಗುತ್ತಿದ್ದವು.

ಹಿಂದಿನ ಸೀಟನ್ನು ಮಡಚಿ ಬೆಲ್ಟು ಬಿಗಿದು ಕೂರಿಸಿದ್ದು ಮೂರು ಅಂತಸ್ತಿನ ಮದುವೆಯ ಕೇಕು. ಮೈತುಂಬ ಬೆಣ್ಣೆಯ ಕ್ರೀಮು, ಅದರ ಮೇಲೆ ಸಕ್ಕರೆಯಲ್ಲಿ ಮಾಡಿದ ಇನ್ನೂರು ಉಡುಪಿ ಮಲ್ಲಿಗೆ. ಒಂದೊಂದು ಹೂವನ್ನೂ ರಾಯನ್ ಕೈಯಾರೆ ಮಾಡಿದ್ದ. ಸ್ಟುಟ್‌ಗಾರ್ಟಿನಲ್ಲಿ ಅವನಿದ್ದ ಪ್ರಾಜೆಕ್ಟು ಮಾರ್ಚಿನಲ್ಲಿ ಮುಚ್ಚಿತ್ತು. "ಇನ್ನು ಬೇರೆ ಕೆಲಸ ಹುಡುಕುದಿಲ್ಲ, ಕೇಕ್ ಮಾಡ್ತೇನೆ" ಎಂದು ಅವನು ಹೇಳಿದಾಗ ಹೆಂಡತಿ ಅಶ್ಲಿನ್ "ನೋಡುವ" ಎಂದಿದ್ದಳು, ಅಷ್ಟೆ. ಇದು ಅವನಿಗೆ ಸಿಕ್ಕ ಮೊದಲ ಮದುವೆ ಆರ್ಡರು. ನಾಲ್ಕು ಗಂಟೆಯೊಳಗೆ ಕೇಕು ಹರ್ಟ್ಸೋಗೆನಾವ್‌ರಾಕ್ ಊರಿನ ಮದುವೆ ಹಾಲ್‌ನಲ್ಲಿ ಇರಬೇಕು.

"ಎ.ಸಿ. ಗ್ಯಾಸ್ ಲೀಕ್ ಆಗಿರ್ಬೇಕು," ಎಂದ ರಾಯನ್. "ಹೆಲ್ಪ್‌ಲೈನಿಗೆ ಕೇಳಿದೆ, ಮೆಕ್ಯಾನಿಕ್ ಬರ್ಲಿಕ್ಕೆ ಎರಡು ಗಂಟೆ ಆಗ್ತದಂತೆ. ಅಷ್ಟರಲ್ಲಿ ಕ್ರೀಮೆಲ್ಲ ಜಾರಿ ಕೆಳಗೆ ಬರ್ತದೆ. ವಾಪಸ್ ಹೋಗುವ ಅಶ್ಲಿನ್. ಅವರಿಗೆ ನಾನೇ ಫೋನ್ ಮಾಡಿ ಸಾರಿ ಹೇಳ್ತೇನೆ."

"ಎಂತದ್ದಕ್ಕೆ ಸಾರಿ? ಗ್ಯಾಸ್ ಹೋಗಿದ್ರೆ ಮನೆಯಿಂದ ಹೊರಡುವಾಗಲೇ ತಂಪು ಇರ್ತಿರ್ಲಿಲ್ಲ. ನೂರಿಪ್ಪತ್ತರಲ್ಲಿ ಬರುವಾಗ ನೀನೇ ಚಳಿ ಅಂತ ಜಾಕೆಟ್ ಹಾಕಿದ್ದಿ. ಈ ಟ್ರಾಫಿಕ್ ಜಾಮಲ್ಲಿ ಸಿಕ್ಕಿಬಿದ್ದ ಮೇಲೆ ಬಿಸಿ. ಓಡುವಾಗ ತಂಪು, ನಿಂತರೆ ಬಿಸಿ ಅಂದ್ರೆ ಎಂಜಿನ್ ಮುಂದಿನ ಫ್ಯಾನ್ ತಿರುಗ್ತಾ ಇಲ್ಲ ಮಾರಾಯ. ಓಡುವಾಗ ಅದರ ಕೆಲಸ ಎದುರುಗಾಳಿ ಮಾಡ್ತದೆ." ಎಂಜಿನ್ ಬಿಸಿಯ ಮುಳ್ಳು ಕೂಡ ಮೆಲ್ಲನೆ ಮೇಲೇರುತ್ತಿರುವುದನ್ನು ಅವಳು ಆಗಲೇ ನೋಡಿದ್ದಳು. ಮೊದಲು ಕಂಡ ಪಾರ್ಕಿಂಗ್ ಜಾಗಕ್ಕೆ ಕಾರು ತಿರುಗಿಸಿ ಬಾನೆಟ್ ಎತ್ತಿದಳು. ಎಂಜಿನ್ ಓಡುತ್ತಿತ್ತು, ಎ.ಸಿ. ಹಾಕಿತ್ತು, ಫ್ಯಾನು ಮಾತ್ರ ಅಲ್ಲಾಡದೆ ನಿಂತಿತ್ತು.

"ನೀನು ಲ್ಯಾಬಲ್ಲಿ ಕೂತು ಟೆಸ್ಟ್ ಮಾಡುವವಳು. ಇದು ರಸ್ತೆ," ಎಂದ ರಾಯನ್.

"ಲ್ಯಾಬಲ್ಲಿ ನಾನು ದಿನವಿಡೀ ತಿರುಗಿಸುದು ಇಂಥದ್ದೇ ಫ್ಯಾನು. ಕೇಕಿಗೆ ಚುಚ್ಚುವ ಮರದ ಕಡ್ಡಿ ಇನ್ನೊಂದು ಉಂಟಾ? ಕೊಡು." ಎಂಜಿನ್ ನಿಲ್ಲಿಸಿ ಆ ಕಡ್ಡಿಯಿಂದ ಫ್ಯಾನಿನ ರೆಕ್ಕೆಯನ್ನು ನೂಕಿದಳು. ಹಗುರವಾಗಿ ತಿರುಗಿತು, ಎಲ್ಲೂ ಸಿಕ್ಕಿಕೊಂಡಿಲ್ಲ. ಫ್ಯೂಸ್ ಕಿತ್ತು ಬಿಸಿಲಿಗೆ ಹಿಡಿದಳು. ಅದರ ತಂತಿಯೂ ತುಂಡಾಗಿರಲಿಲ್ಲ. ಉಳಿದದ್ದು ರಿಲೇ, ಫ್ಯಾನಿಗೆ ಕರೆಂಟು ಬಿಡುವ ಪುಟ್ಟ ಕಪ್ಪು ಡಬ್ಬಿ.

"ಇದರ ಮೇಲೆ ಬೆರಳಿಡು. ನಾನು ಎ.ಸಿ. ಒತ್ತಿದಾಗ ಎಂತ ಗೊತ್ತಾಗ್ತದೆ ಹೇಳು." ಅವಳು ಮತ್ತೆ ಎಂಜಿನ್ ಹಾಕಿದಳು. ರಾಯನ್ ಉಸಿರು ಹಿಡಿದು, ಸಕ್ಕರೆಯ ಎಸಳು ಮುಟ್ಟುವಷ್ಟು ನಾಜೂಕಾಗಿ ಬೆರಳಿಟ್ಟ.

"ಟಿಕ್ ಅಂತದೆ. ಫ್ಯಾನ್ ತಿರುಗುದಿಲ್ಲ."

"ಹಾಗಾದ್ರೆ ಒಳಗೆ ಸುಟ್ಟಿದೆ." ಎಂಜಿನ್ ಆರಿಸಿ ಅದನ್ನು ಕಿತ್ತಳು. ಅದರ ಒಂದು ಲೋಹದ ಕಾಲು ಕರ್ರಗಾಗಿತ್ತು. ಹೊಸದನ್ನು ಈ ರಸ್ತೆಯಲ್ಲಿ ಎಲ್ಲಿಂದ ತರುವುದು ಎಂದು ರಾಯನ್ ಕೇಳುವ ಮೊದಲೇ ಅವಳು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿನ ಚಿತ್ರ ನೋಡಿ, ಪಕ್ಕದ ಸಾಲಿನಿಂದ ಅದೇ ನಂಬರಿನ ಇನ್ನೊಂದು ರಿಲೇ ಎಳೆದಿದ್ದಳು. "ಇದು ಹಿಂದಿನ ಗಾಜಿನ ಹಿಮ ಕರಗಿಸ್ಲಿಕ್ಕೆ ಇರುದು. ಜುಲೈಯಲ್ಲಿ ಅದಕ್ಕೆಂತ ಕೆಲಸ?"

ರಿಲೇ ಕೂತಿತು. ಎಂಜಿನ್ ಹಾಕಿ ಎ.ಸಿ. ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಫ್ಯಾನು ಭರ್ರೆಂದು ಎದ್ದು, ಒಳಗಿದ್ದ ಧೂಳನ್ನೂ ಸತ್ತ ನೊಣಗಳನ್ನೂ ರಾಯನ್‌ನ ಬಿಳಿ ಶರ್ಟಿನ ಮೇಲೆ ಎರಚಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಕಾರಿನ ಹಿಂದಕ್ಕೆ ಓಡಿದ್ದ. "ಇಪ್ಪತ್ತಾರು! ಅಶ್ಲಿನ್, ಹೂ ಜಾರ್ತಾ ಉಂಟು!" ಕೆಳಗಿನ ಅಂತಸ್ತಿನಲ್ಲಿ ಒಂದು ಮಲ್ಲಿಗೆ ಬೆರಳಷ್ಟು ಕೆಳಗಿಳಿದಿತ್ತು. ಅವನು ಅದನ್ನು ಮೆಲ್ಲನೆ ಮೇಲಕ್ಕೆ ತಂದು ಕೂರಿಸಿದ.

ಅಶ್ಲಿನ್ ಮುಂದಿನ ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿದಳು. ಗಾಳಿಯೆಲ್ಲ ಹಿಂದಕ್ಕೆ, ಕೇಕಿನ ಕಡೆಗೆ ನುಗ್ಗಿತು. ಕಾರು ಮತ್ತೆ ಸಾಲಿಗೆ ಸೇರಿತು. ಮುಂದಿನ ಗಾಜಿನಿಂದ ಬಿಸಿಲು ಇಬ್ಬರ ತೊಡೆಯ ಮೇಲೆ ಸುರಿಯುತ್ತಿತ್ತು.

"ಒಂದು ಕಿಂಡಿ ಆದ್ರೂ ತೆಗಿ," ಎಂದ ರಾಯನ್. "ನಿನಗೆ ಸೆಕೆ ಆಗುದಿಲ್ವಾ?"

"ಆಗ್ತದೆ. ಆದ್ರೆ ನಾನು ಕರಗುದಿಲ್ಲ. ಎಷ್ಟಾಯ್ತು ನೋಡು."

"ಇಪ್ಪತ್ನಾಲ್ಕು."

ಒಂದು ಗಂಟೆ ಹಾಗೇ ತೆವಳಿದರು. ಇಪ್ಪತ್ತೆರಡು ಆಯಿತು, ಹತ್ತೊಂಬತ್ತು ಆಯಿತು. ರಸ್ತೆ ಬಿಚ್ಚಿಕೊಂಡ ಮೇಲೆ ರಾಯನ್ ಲೆಕ್ಕ ಹೇಳುವುದನ್ನು ಬಿಟ್ಟು, ಮೇಲಿನ ಅಂತಸ್ತನ್ನು ಹೇಗೆ ಕತ್ತರಿಸಬೇಕೆಂದು ಹೇಳತೊಡಗಿದ. ಮಾರ್ಚಿನಿಂದ ಅವನು ಕೇಕಿನ ಬಗ್ಗೆ ಎಷ್ಟೋ ಮಾತಾಡಿದ್ದ. ಅಶ್ಲಿನ್ ನಡುನಡುವೆ ಪ್ರಶ್ನೆ ಕೇಳಿದ್ದು ಇವತ್ತೇ.

ನಾಲ್ಕಕ್ಕೆ ಇಪ್ಪತ್ತು ನಿಮಿಷ ಇರುವಾಗ ಹಾಲ್ ತಲುಪಿದರು. ಮದುಮಗಳ ತಾಯಿ ಪ್ರೇಮಕುಮಾರಿ ತಾವೇ ಹೊರಗೆ ಬಂದು ಕಾರಿನ ಹಿಂಬಾಗಿಲಿನೊಳಗೆ ಬಗ್ಗಿದರು. ತಣ್ಣನೆಯ ಗಾಳಿ ಅವರ ಮುಖಕ್ಕೆ ಬಡಿಯಿತು. ಮಲ್ಲಿಗೆಯನ್ನು ನಿಜದ್ದೆಂದು ಮೂಸಿ ನೋಡಿ, ಸಕ್ಕರೆ ಎಂದು ತಿಳಿದು ಕಣ್ಣರಳಿಸಿದರು. ಆಮೇಲೆ ತಲೆ ಎತ್ತಿ ಗಂಡ ಹೆಂಡತಿಯನ್ನು ನೋಡಿದರು. ಅಶ್ಲಿನ್‌ಳ ಕೆನ್ನೆಯ ಮೇಲೆ ಎಂಜಿನ್ನಿನ ಮಸಿ, ಅದರ ನಡುವೆ ಬೆವರಿನ ಗೆರೆಗಳು. ರಾಯನ್‌ನ ಶರ್ಟು ಹಿಂಡಿದರೆ ನೀರು ಇಳಿಯುವಂತಿತ್ತು.

"ಅಯ್ಯೋ ಮಕ್ಕಳೇ," ಎಂದರು ಪ್ರೇಮಕುಮಾರಿ, "ನಿಮ್ಮ ಕಾರಲ್ಲಿ ಎ.ಸಿ. ಇಲ್ವಾ?"