ಹೊಸ ಮಾಲೀಕರ ಕಟ್ಟಳೆ

ಆಂಟೆನಾ ಕಂಬವನ್ನು ಹೆಗಲಿಗೇರಿಸಿಕೊಂಡು ರಾಜೇಂದ್ರ ಏಣಿಯ ಮೂರನೇ ಮೆಟ್ಟಿಲು ಹತ್ತಿದ್ದ. ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮನವರ ದನಿ ಅವನನ್ನು ಅಲ್ಲೇ ತಡೆದು ನಿಲ್ಲಿಸಿತು.

“ಇಳಿಯಪ್ಪಾ, ಇಳಿ. ಹೆಂಚಿನ ಮೇಲೆ ಏನೂ ಏರಿಸಕೂಡದಂತೆ. ಮಾಲೀಕರು ಹೇಳಿ ಕಳಿಸಿದಾರೆ.”

“ಟೀವಿ ಇನ್ನೂ ಅಂಗಡೀಲೇ ಅದೆ ಕಣಮ್ಮೋ! ಅಷ್ಟರಲ್ಲೇ ಅವನ ಕಿವಿಗೆ ಎಂಗ್ ಬಿತ್ತು?”

“ಮನೆ ಕೊಂಡವರಿಗೆ ಮನೆ ಮೇಲೆ ಕಣ್ಣಿರಲ್ವೇನಪ್ಪ? ಕಂಬ ಏರಿಸಿದರೆ ಮನೆ ಖಾಲಿ ಮಾಡಬೇಕಂತೆ.”

ಒಳಗಿನಿಂದ ಅವನ ಹೆಂಡತಿ ಕೋಮಲ ರಾಗಿಹಿಟ್ಟಿನ ಕೈಯಲ್ಲೇ ಓಡಿಬಂದು ಏಣಿ ಹಿಡಿದುಕೊಂಡಳು. “ಇಳೀರಿ ಅತ್ಲಾಗಿ. ಮನೆ ಯಾರ್ದೋ ಮಾತೂ ಅವ್ರ್ದೇ.”

ನಂಜನಗೂಡಿನ ಆ ಎರಡು ಕೋಣೆಯ ಹೆಂಚಿನ ಮನೆ ಮೊದಲು ಸುಬ್ಬಲಕ್ಷ್ಮಮ್ಮನವರದೇ. ಆರು ತಿಂಗಳ ಹಿಂದೆ ಮಾರಿದ್ದರು. ಕೊಂಡವರು ತಿ. ನರಸೀಪುರದ ಕಡೆಯವರು ಎಂದಿದ್ದರೇ ಹೊರತು ಹೆಸರು ಹೇಳಿರಲಿಲ್ಲ. ಬಾಡಿಗೆಯನ್ನು ಎಂದಿನಂತೆ ಸುಬ್ಬಲಕ್ಷ್ಮಮ್ಮನವರ ಕೈಗೇ ಕೊಡಬೇಕು. ಕಟ್ಟಳೆಗಳೂ ಅವರ ಬಾಯಿಂದಲೇ ಬರುತ್ತಿದ್ದವು. ಏಳು ಸಮುದ್ರದಾಚೆ, ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ಕಥೆಯ ರಾಕ್ಷಸನಂತೆ ಆ ಮಾಲೀಕರ ಮುಖ ಕಂಡವರಿಲ್ಲ.

ಮೊದಲನೇ ಕಟ್ಟಳೆ, ಜಗಲಿಯ ಮೇಲೆ ಇಸ್ಪೀಟು ಕೂಡದು. ಭಾನುವಾರದ ಗೆಳೆಯರು ಚದುರಿದರು, ಅವರ ಹಿಂದೆಯೇ ಕೋಳಿ ಸಾರೂ ಹೋಯಿತು. ಎರಡನೆಯದು, ಒಂಬತ್ತೂವರೆಗೆ ದೀಪ ಆರಬೇಕು. ಮೂರನೆಯದು, ಅಂಗಳದಲ್ಲಿ ಗಾಡಿ ನಿಲ್ಲಿಸಬಾರದು. ಕಂತಿನಲ್ಲಿ ತರಬೇಕೆಂದು ಬಣ್ಣ ಕೂಡ ಆರಿಸಿಟ್ಟಿದ್ದ ಸ್ಕೂಟರು ಅಂಗಡಿಯಲ್ಲೇ ಉಳಿಯಿತು.

ಇದನ್ನೆಲ್ಲ ಕೋಮಲ ನಾಲ್ಕು ವರ್ಷದಿಂದ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಳು. ಕಾರ್ಖಾನೆಯ ಸಂಬಳ ಇಪ್ಪತ್ತನೇ ತಾರೀಖಿಗೆ ಮುಗಿಯುತ್ತಿತ್ತು. ರಾಜೇಂದ್ರನ ಸಂಬಳದ ದಿನ ಪೇಟೆಯ ಕೋಳಿಗಳಿಗೂ ಗೊತ್ತಿತ್ತು. “ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂದ್ರೆ...” ಎಂದು ಅವಳು ಶುರುಮಾಡಿದರೆ, “ಹಾಸಿಗೇನೇ ದೊಡ್ಡದು ತರಾನ ಬುಡು” ಎಂದು ನಗುತ್ತಿದ್ದ. ಹೆಂಡತಿಯ ಮಾತಿಗೆ ತಲೆಬಾಗುವ ಗಂಡಸು ಅವನಲ್ಲ.

ಮಾಲೀಕರ ಮಾತು ಬೇರೆ. ಈ ಮನೆ ಸಿಗುವ ಮೊದಲು ಅವನು ಮೂರು ಬೀದಿ ಅಲೆದಿದ್ದ. ಪ್ರತಿ ಬಾಗಿಲಲ್ಲೂ ಒಂದೇ ಪ್ರಶ್ನೆ, “ನೀವು ಯಾವ ಜನ?” ಉತ್ತರ ಕೇಳಿದ ಮೇಲೆ ಎಲ್ಲರ ಮನೆಯೂ ಆಗಲೇ ಬೇರೆಯವರಿಗೆ ಮಾತಾಗಿರುತ್ತಿತ್ತು. ಸುಬ್ಬಲಕ್ಷ್ಮಮ್ಮ ಮಾತ್ರ, “ದಾಸವಾಳದ ಗಿಡಕ್ಕೆ ನೀರು ಹಾಕ್ತೀಯೇನಪ್ಪ?” ಎಂದಷ್ಟೇ ಕೇಳಿ ಬೀಗದ ಕೈ ಕೊಟ್ಟಿದ್ದರು. ಹೊಸ ಮಾಲೀಕರೂ ಆ ಪ್ರಶ್ನೆ ಎತ್ತಿರಲಿಲ್ಲ. ಮನೆ ಬಿಟ್ಟರೆ ಮತ್ತೆ ಅದೇ ಬೀದಿಗಳು, ಅದೇ ಬಾಗಿಲುಗಳು. ಅದಕ್ಕೇ ಹಲ್ಲುಕಚ್ಚಿ ಇದ್ದ. ಸಂಬಳ ಈಗ ತಿಂಗಳ ಕೊನೆಯವರೆಗೂ ಉಳಿಯುತ್ತಿತ್ತು. ಮೊನ್ನೆಯಂತೂ ಯಾರೂ ಹೇಳದೆಯೇ ಎದ್ದು ದೀಪ ಆರಿಸಿದ್ದ. ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು.

ಇಂದು ಆ ಸಿಟ್ಟು ಕಟ್ಟೆಯೊಡೆಯಿತು. ಕಂಬವನ್ನು ಗೋಡೆಗೆ ಒರಗಿಸಿ ಗುಡುಗಿದ. “ಬಾಡಿಗೆ ಕೊಡ್ತೀನಿ ಕಣೇ, ಬಿಟ್ಟಿ ಇಲ್ಲ! ಅವ್ನು ಯೋಳ್ದಂಗೆ ಉಸುರಾಡ್ಬೇಕಾ?”

“ಉಳಿತಾ ಇರೋದು ನಮ್ಮ ದುಡ್ಡೇ ಅಲ್ವ?”

“ದುಡ್ಡಿನ ಮಾತು ನೀನಾಡ್ಬ್ಯಾಡ. ಒಂದ್ ಸೀರೆಗೆ ಎರಡೆಕರೆ ಗದ್ದೆ ಬುಟ್ಟ್ಕೊಟ್ ಬಂದೋಳು!”

ಅದು ಕಳೆದ ವರ್ಷದ ಮಾತು. ಹೆಮ್ಮಿಗೆಯಲ್ಲಿ ಕೋಮಲಳ ಅಪ್ಪ ತೀರಿಕೊಂಡಾಗ, ಅಣ್ಣ ಚಿಕ್ಕಮಾದು ಅವಳನ್ನು ಪಾಲಿನ ಪತ್ರಕ್ಕೆ ಸಹಿ ಹಾಕಲು ನರಸೀಪುರಕ್ಕೆ ಕರೆದೊಯ್ದಿದ್ದ. ಹೆಣ್ಣುಮಕ್ಕಳು ಸೀರೆ ಕುಂಕುಮ ಪಡೆದು ಪಾಲು ಬಿಡುವುದು ಊರಿನ ರೂಢಿ. ಸಂಜೆ ಅವಳು ಹಸಿರು ಸೀರೆಯುಟ್ಟು ಬಸ್ಸಿಳಿದಿದ್ದಳು. ಸೀರೆ ನೋಡಿಯೇ ಪಾಲು ಬಿಟ್ಟುಬಂದಳೆಂದುಕೊಂಡ ರಾಜೇಂದ್ರ ಬೇರೇನೂ ಕೇಳಿರಲಿಲ್ಲ. ಅವತ್ತಿನಿಂದ ಆಡಿಕೊಂಡು ನಗುವುದನ್ನು ಬಿಟ್ಟಿರಲೂ ಇಲ್ಲ.

ಕೋಮಲ ಸೆಟೆದು ನಿಂತಳು. “ಸೀರೆ ಚೆನ್ನಾಗದೆ ಅಂತ ನೀವೇ ಅಂದಿದ್ರಿ.” ಕೈಗಂಟಿದ ಹಿಟ್ಟು ಉಜ್ಜುತ್ತ ಕೇಳಿದಳು, “ಅಕಸ್ಮಾತ್ ಈ ಮನೆ ನಮ್ದೇ ಆಗಿದ್ರೆ ಏನ್ ಮಾಡ್ತಿದ್ರಿ?”

“ನಾಳೇನೇ ಬ್ಯಾಂಕಲ್ಲಿ ಅಡ ಇಟ್ಟು ಸ್ಕೂಟರು, ಟೀವಿ ಎರಡೂ ಒಟ್ಗೇ ತತ್ತಿದ್ದೆ!”

“ಹ್ಞೂಂ,” ಎಂದಳು ಕೋಮಲ. “ಹಂಗೇ ಅನ್ಕಂಡಿದ್ದೆ.”

“ಇವತ್ತು ಅವನ ಹೆಸರು ಪತ್ತೆ ಮಾಡ್ತೀನಿ. ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ.”

“ಓಗಿ ಕೇಳಿ, ಬ್ಯಾಡ ಅನ್ನಲ್ಲ. ಆದ್ರೆ ಕಂಬ ಮಾತ್ರ ಮೇಲೆ ಓಗಕೂಡದು.”

“ಮಾಲೀಕನಿಗಿಂತ ನಿಂದೇ ಜೋರಾಯ್ತಲ್ಲೇ!”

ಚಪ್ಪಲಿ ಮೆಟ್ಟಿ ಒಂದೇ ಉಸಿರಿಗೆ ಪುರಸಭೆಗೆ ನಡೆದ. ಖಾತೆ ನೋಡುವ ಗುಮಾಸ್ತ ಕಲ್ಲಯ್ಯ ಕನ್ನಡಕ ಏರಿಸಿ, ದಪ್ಪ ಪುಸ್ತಕದ ಹಾಳೆಗಳನ್ನು ತಿರುವಿ, ಮನೆಯ ನಂಬರಿನ ಮೇಲೆ ಬೆರಳಿಟ್ಟ.

“ಇದು ಹೆಂಗಸಿನ ಹೆಸರಲ್ಲಿದೆ ಕಣ್ರೀ.”

“ಎಂಗಸಾ!” ರಾಜೇಂದ್ರ ಮೇಜು ಗುದ್ದಿದ. “ಅಂಗಾರೆ ಅವಳ ಗಂಡ ಯಾವನ್ ಸಾ? ಅವನ್ನೇ ಇಡ್ಕತೀನಿ. ಎಂಡ್ತೀನ ಇಷ್ಟು ಮೆರೆಯಾಕ್ ಬುಟ್ಟವ್ನೆ ಅಂದ್ರೆ ಅವ್ನೂ ಒಬ್ಬ ಗಂಡಸಾ?”

“ಗಂಡನ ಹೆಸರೂ ಬರೆದಿದೆ,” ಎಂದ ಕಲ್ಲಯ್ಯ, ಪುಸ್ತಕವನ್ನು ಅವನತ್ತ ತಿರುಗಿಸುತ್ತ. “ನೀವೇ ಓದ್ಕೊಳಿ.”

ಕೋಮಲ, ಕೋಂ ರಾಜೇಂದ್ರ.