ಗುಂಡಿ ಡಬ್ಬದ ಮಾತ್ರೆಗಳು

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಅಕ್ಕ ಗುಂಡಿ ಡಬ್ಬವನ್ನೇ ತಂದಿದ್ದಳು. ಮೇಜಿನ ಮೇಲೆ ಬೋರಲು ಹಾಕಿದಾಗ ಅಂಗಿ ಗುಂಡಿ, ಕೊಕ್ಕೆಗಳ ಜೊತೆ ಮಾತ್ರೆಯ ಹದಿನೇಳು ಪಟ್ಟಿಗಳು ಬಿದ್ದವು. ಒಂದೂ ಪೂರ್ತಿ ಇರಲಿಲ್ಲ, ಒಂದೂ ಪೂರ್ತಿ ಖಾಲಿಯಾಗಿರಲಿಲ್ಲ.

“ಇಷ್ಟೊಂದು ಯಾಕೆ ಉಳೀತು?”

“ಎರಡು ದಿನಕ್ಕೆ ವಾಸಿ ಆದ್ಮೇಲೆ ಸುಮ್ನೆ ಯಾಕೆ ನುಂಗೋದು? ಇಟ್ಟಿದ್ರೆ ಯಾರಿಗಾದ್ರೂ ಆಗುತ್ತೆ.” ಅಕ್ಕ ಬಟ್ಟೆ ಹೊಲಿಯುವವಳು. ಅಂಗೈಯಗಲದ ತುಂಡನ್ನೂ ಎಸೆದವಳಲ್ಲ.

“ಹೋದ ತಿಂಗಳು ಭೇದಿ ಆಯ್ತು ಅಂದ್ರಲ್ಲ, ಆಗ?”

“ಇದರಲ್ಲೇ ನಾಲ್ಕು ನುಂಗಿದೆ, ನಿಂತಿತು. ಮಾರನೇ ದಿನವೇ ತಂಗಿ ಮನೆಗೆ ಹೋಗಿ ಅಡುಗೆ ಮಾಡಿಕೊಟ್ಟು ಬಂದೆ.”

ಡಾಕ್ಟರಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಗಾಜಿನ ತಟ್ಟೆಯಲ್ಲಿ, ಜ್ವರ ಬಂದು ಇದೇ ಆಸ್ಪತ್ರೆಯಲ್ಲಿ ಮಲಗಿದ್ದ ತಂಗಿಯ ರಕ್ತದಿಂದ ಬೆಳೆಸಿದ ಸಾಲ್ಮೊನೆಲ್ಲಾ ಎಂಬ ಕ್ರಿಮಿ ತೆಳುವಾಗಿ ಕೆನೆಗಟ್ಟಿತ್ತು. ಅದರ ಮೇಲೆ ಗುಂಡಿಗಳ ಹಾಗೆ ಎಂಟು ಬಿಳಿ ಬಿಲ್ಲೆಗಳು, ಎಂಟು ಬಗೆಯ ಔಷಧಿ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ಉಂಗುರದಷ್ಟು ಜಾಗ ತೆರವಾಗಬೇಕು. ಉಂಗುರವಿದ್ದದ್ದು ಒಂದಕ್ಕೆ ಮಾತ್ರ. ಉಳಿದ ಏಳಕ್ಕೂ ಕೆನೆ ಅಂಚಿನವರೆಗೆ ಒತ್ತಿಕೊಂಡು ಬಂದಿತ್ತು. ಬೆರಳಿನಿಂದ ಸರಿಸಿ ಇನ್ನೊಂದು ಚಿತ್ರ ತೋರಿಸಿದರು. ಅದೇ ಒಂದು ಉಂಗುರ, ಅದೇ ಏಳು ಬಿಲ್ಲೆಗಳು.

“ಇದು ನಿಮ್ಮದು. ನಿಮ್ಮ ಮಲ ಪರೀಕ್ಷೆ ಮಾಡಿಸಿದ್ವಲ್ಲ.”

“ನಾನು ಕಲ್ಲುಗುಂಡಿನ ಹಾಗಿದ್ದೀನಲ್ಲ!”

“ನಿಮ್ಮ ಮೈ ತಡ್ಕೊಳ್ಳುತ್ತೆ. ನೀವು ಕೊಟ್ಟ ಕಿಡ್ನಿ ಒಗ್ಗಲಿ ಅಂತ ತಂಗಿ ಮೈಯ ಕಾವಲನ್ನ ನಾವೇ ಮಲಗಿಸಿದ್ದೀವಿ. ಮೊಟ್ಟೆಯಿಂದಲೋ ಮಾಂಸದಿಂದಲೋ ಕ್ರಿಮಿ ಬಂದಿರುತ್ತೆ, ಅದು ಯಾರ ತಪ್ಪೂ ಅಲ್ಲ. ಆದ್ರೆ ಅರ್ಧ ಏಟು ಹೊಡೆದು ಬಿಟ್ರೆ ಹಾವು ಸಾಯುತ್ತಾ? ಸಾಯೋವು ಸತ್ತು, ಗಟ್ಟಿ ಇರೋವೇ ಉಳ್ಕೊಂಡಿವೆ.” ಡಾಕ್ಟರಮ್ಮ ಗುಂಡಿಗಳನ್ನು ಮಾತ್ರ ಆರಿಸಿ ಡಬ್ಬಕ್ಕೆ ಹಾಕುತ್ತಿದ್ದರು. “ಉಳಿದಿರೋದು ಒಂದೇ ಔಷಧಿ. ಅದರ ಜೊತೆ, ಮೈಯ ಕಾವಲು ಮತ್ತೆ ಏಳಲಿ ಅಂತ ಕಿಡ್ನಿ ಕಾಯೋ ಮಾತ್ರೇನ ಕಡಿಮೆ ಮಾಡಲೇಬೇಕು. ಆಮೇಲೆ ಕಿಡ್ನಿ ಉಳಿಯುತ್ತೋ ಇಲ್ವೋ, ಈಗಲೇ ಹೇಳೋಕಾಗಲ್ಲ. ಯಾರಿಂದ ಬಂತು ಅಂತ ನಾನು ನಿಮ್ಮ ತಂಗಿಗೆ ಹೇಳೋದಿಲ್ಲ. ಅದು ನಿಮಗೆ ಬಿಟ್ಟಿದ್ದು.”

ಕಿಡ್ನಿ ಕೊಟ್ಟ ಮೇಲೆ ಈ ಎರಡು ವರ್ಷ ತನ್ನ ಮನೆಯಲ್ಲೂ ತಂಗಿಯ ಮನೆಯಲ್ಲೂ ಅಕ್ಕನ ಮಾತಿಗೆ ಎದುರಿರಲಿಲ್ಲ. ಕೊಟ್ಟವಳು ಎಂಬ ಹೆಸರು ಅಳತೆ ಕೊಟ್ಟು ಹೊಲಿಸಿದ ಬಟ್ಟೆಯಂತೆ ಅವಳ ಮೈಗೆ ಕೂತಿತ್ತು.

ಕೈಗವಸು, ಮುಖಕ್ಕೆ ಮಾಸ್ಕು, ಮಂಡಿ ದಾಟುವ ನಿಲುವಂಗಿ ಹಾಕಿಸಿ ನರ್ಸು ಅವಳನ್ನು ಒಳಗೆ ಬಿಟ್ಟಳು. ತಂಗಿ ಬಲಗೈಯನ್ನು ಕಿಬ್ಬೊಟ್ಟೆಯ ಬಲಬದಿಗೆ ಇಟ್ಟುಕೊಂಡು ಮಲಗಿದ್ದಳು. ಕಿಡ್ನಿ ಕೂರಿಸಿದ್ದು ಅಲ್ಲಿ. ಆಪರೇಷನ್ ಆದಾಗಿನಿಂದ ಅವಳ ಕೈ ಇರುವುದೂ ಅಲ್ಲೇ.

“ಏನಕ್ಕ ಈ ವೇಷ! ತೋಳು ನಾಲ್ಕು ಬೆರಳು ಉದ್ದವಾಯ್ತು. ನೀನು ಹೊಲಿದಿದ್ದಲ್ಲ ಬಿಡು.” ತಂಗಿಯ ತುಟಿ ಒಡೆದಿತ್ತು. “ನಿನ್ನ ಕಿಡ್ನಿ, ನನ್ನ ಬಾಡಿಗೆದಾರಳು, ಆರಾಮಾಗಿದ್ದಾಳೆ. ಮನೆ ಮಾತ್ರ ಬೀಳೋ ಹಾಗಿದೆ.”

“ಸುಮ್ನಿರು. ಆಯಾಸ ಮಾಡ್ಕೋಬೇಡ.”

“ಈ ಕಾಯಿಲೆ ಎಲ್ಲ ನಮ್ಮತ್ತೆ ಕೆಲಸ. ಕೈ ತೊಳೆಯೋದು ಅಂದ್ರೆ ಅವರಿಗೆ ಕೈಗೆ ನೀರು ತೋರಿಸೋದು. ಇವರಿಗೆ ಹೇಳಿಬಿಟ್ಟೆ, ನಾನು ವಾಪಸ್ ಬರೋ ಹೊತ್ತಿಗೆ ನಿಮ್ಮಮ್ಮ ಮನೇಲಿರಬಾರದು ಅಂತ. ಇವತ್ತು ಸಾಯಂಕಾಲ ಮಗಳ ಮನೆಗೆ ಬಿಟ್ಟು ಬರ್ತಾರಂತೆ. ಮುದುಕಿ ತುಟಿ ಪಿಟಕ್ಕೆನ್ನಲಿಲ್ಲವಂತೆ. ತಪ್ಪಿಲ್ಲದೆ ಇದ್ದಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ರಾ?”

ಅಕ್ಕನೂ ಬಾಯಿ ಮುಚ್ಚಿಕೊಂಡೇ ಇದ್ದಳು. ಸಾಯಂಕಾಲಕ್ಕೆ ಇನ್ನು ಮೂರು ಗಂಟೆ ಇತ್ತು. ಆ ಮೂರು ಗಂಟೆ ಹೀಗೇ ನಿಂತಿದ್ದರೂ ಸಾಕಿತ್ತು, ತಪ್ಪು ಅತ್ತೆಯದಾಗಿಯೇ ಉಳಿಯುತ್ತಿತ್ತು.

“ಅತ್ತೆ ಅಲ್ಲ ಕಣೇ,” ಎಂದಳು.

“ಮತ್ತೆ?”

“ನಾನು. ಭೇದಿಗೆ ಡಬ್ಬದ ಮಾತ್ರೆ ನಾಲ್ಕು ನುಂಗಿ, ಮಾರನೇ ದಿನ ನಿನಗೆ ಅಡುಗೆ ಮಾಡಿಕೊಟ್ಟೆನಲ್ಲ. ಪರೀಕ್ಷೇಲಿ ಬಂದಿದೆ. ನಿನ್ನ ಮೈಯಲ್ಲಿರೋದು, ನನ್ನ ಮೈಯಲ್ಲಿರೋದು ಒಂದೇ.”

ತಂಗಿ ಮೊದಲು ನಕ್ಕಳು. ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳನ್ನು ನೋಡಿ ನಗು ನಿಲ್ಲಿಸಿದಳು.

“ಇವರಿಗೆ ಫೋನ್ ಮಾಡು,” ಎಂದಳು. “ಅತ್ತೇನ ಎಲ್ಲಿಗೂ ಕರ್ಕೊಂಡು ಹೋಗಬೇಡಿ ಅನ್ನು.”

ಅಕ್ಕ ಹೂಂ ಎಂದು, ಹೊದಿಕೆ ಸರಿಮಾಡಲು ಒಂದು ಹೆಜ್ಜೆ ಮುಂದೆ ಬಂದಳು. ತಂಗಿ ಸೂಜಿ ಚುಚ್ಚಿದ್ದ ಎಡಗೈಯನ್ನೂ ಎಳೆದುಕೊಂಡು ಬಲಗೈಯ ಮೇಲಿಟ್ಟಳು. ಕಿಬ್ಬೊಟ್ಟೆಯ ಆ ಜಾಗವನ್ನು ಎರಡೂ ಅಂಗೈಗಳಿಂದ ಮುಚ್ಚಿಕೊಂಡು, ಗೋಡೆಯ ಕಡೆ ತಿರುಗಿದಳು.