ಇನ್ನೊಂದು ಅವಕಾಶ

ಕಲ್ಲು ಕಿಟಕಿಯ ಗಾಜು ಒಡೆದು ಒಳಗೆ ಬಂತು. ಮುಖ್ಯಾಧಿಕಾರಿಯ ಮೇಜಿನ ಕಾಲಿಗೆ ಬಡಿದು ನಿಂತಿತು.

ಉಪಾಧಿಕಾರಿ ಕಿಟಕಿಗೆ ಓಡಿದ. ಕೆಳಗೆ ಅಂಗಳದಲ್ಲಿ ಬಡಗಿ ನಿಂತಿದ್ದ. ಓಡಿಹೋಗುವ ಯೋಚನೆಯೇ ಇದ್ದಂತಿರಲಿಲ್ಲ. ಕೋಳ ತೊಡಿಸಿಕೊಳ್ಳಲು ಸಿದ್ಧನಾದವನಂತೆ ಎರಡೂ ಕೈ ಮುಂದೆ ಚಾಚಿದ್ದ.

“ಈಗಲಾದ್ರೂ ಇವನನ್ನ ಜೈಲಿಗೆ ವಾಪಸ್ ಕಳಿಸಿ, ಮೇಡಂ. ಹೋದ ವಾರ ಕುಡಿದು ಬಂದ. ಅದಕ್ಕೂ ಮುಂಚೆ ಹಾಜರಿಗೇ ಬರಲಿಲ್ಲ. ಇವತ್ತು ಕಲ್ಲು.”

ಮುಖ್ಯಾಧಿಕಾರಿ ತೋಳಿನ ಮೇಲಿದ್ದ ಗಾಜಿನ ಚೂರನ್ನು ಬೆರಳ ತುದಿಯಿಂದ ತೆಗೆದು ಬುಟ್ಟಿಗೆ ಹಾಕಿದಳು.

“ಹಳೇ ಗಾಜು. ತಾನಾಗೇ ಒಡೀತು ಅಂತ ಬರೀರಿ. ಅವನನ್ನ ಮೇಲೆ ಕಳಿಸಿ.”

ಉಪಾಧಿಕಾರಿಗೆ ತಲೆಬುಡ ತಿಳಿಯಲಿಲ್ಲ. ಪೆರೋಲಿನ ಮೇಲೆ ಹೊರಬಂದ ಸಾವಿರಾರು ಜನರ ಜುಟ್ಟು ಈ ಕಚೇರಿಯ ಕೈಯಲ್ಲಿತ್ತು. ಕಚೇರಿಯ ಜುಟ್ಟು ಆಕೆಯ ಕೈಯಲ್ಲಿ. ಬೆಳಗಾದರೆ ಹಾಜರಿ ಹಾಕುವವರ ಸಾಲು ಮೆಟ್ಟಿಲಿಳಿದು ಬೀದಿಗೆ ಬರುತ್ತಿತ್ತು. ಅಧಿಕಾರಿಗಳಿಗೆ ಊಟಕ್ಕೂ ಪುರಸೊತ್ತಿರಲಿಲ್ಲ. ಒಬ್ಬನಿಗೆ ಸಲಿಗೆ ಕೊಟ್ಟರೆ ಎಲ್ಲರೂ ತಲೆ ಮೇಲೆ ಕೂರುತ್ತಾರೆ ಎಂದು ಅವರಿಗೆ ಹೇಳಿಕೊಟ್ಟವಳು ಆಕೆಯೇ. ಮೊನ್ನೆಯಷ್ಟೇ, ಬಸ್ಸು ಕೆಟ್ಟು ತಡವಾಗಿ ಬಂದ ಡ್ರೈವರ್ ಒಬ್ಬನನ್ನು ಮುಲಾಜಿಲ್ಲದೆ ಜೈಲಿಗೆ ಅಟ್ಟಿದ್ದಳು. ಅವನ ಬಸುರಿ ಹೆಂಡತಿ ಜಗಲಿಯಲ್ಲಿ ಕೂತು ಅತ್ತರೂ ಆಕೆ ತಲೆಯೆತ್ತಿ ನೋಡಿರಲಿಲ್ಲ.

ಬಡಗಿಯ ಮುಂದೆ ಮಾತ್ರ ಆಕೆ ಬೆಣ್ಣೆ.

ಅವನು ಹರೆಯದಲ್ಲಿ ಟಾಕೀಸಿನ ಹಿಂದೆ ನಡೆದ ಜಗಳದಲ್ಲಿ ಕಾಲೇಜು ಹುಡುಗನೊಬ್ಬನನ್ನು ಇರಿದು ಕೊಂದವನು. ಜೀವಾವಧಿ ಶಿಕ್ಷೆಯಾಯಿತು. ಮರಗೆಲಸ ಕಲಿತದ್ದು ಜೈಲಿನಲ್ಲೇ. ಬರಬರುತ್ತ ಅಲ್ಲಿನ ಕಾರ್ಖಾನೆಗೆ ಅವನೇ ಮೇಸ್ತ್ರಿಯಾದ. ವಾರ್ಡನ್‌ಗಳೂ ‘ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಬಿಡುಗಡೆ ಬೇಕೆಂದು ಅವನು ಯಾವತ್ತೂ ಅರ್ಜಿ ಹಾಕಿದವನಲ್ಲ. ಮುಖ್ಯಾಧಿಕಾರಿ ಈ ಕಚೇರಿಗೆ ವರ್ಗವಾಗಿ ಬಂದ ಮೇಲೆ ತಾನೇ ಜೈಲಿಗೆ ಹೋಗಿ ಅವನ ಕೆಲಸ ನೋಡಿ, ಇಂಥವನು ಹೊರಗಿರಬೇಕು ಎಂದು ಶಿಫಾರಸು ಮಾಡಿ ಬಿಡಿಸಿದಳು.

ಏನೋ ಸಂಬಂಧ ಇರಬೇಕು ಎಂದು ಕ್ಯಾಂಟೀನಿನಲ್ಲಿ ಮಾತಾಡಿಕೊಂಡರು.

ಬಡಗಿ ಮೇಲೆ ಬಂದ. ಅಂಗಿಯ ಕಾಲರು ಹರಿದಿತ್ತು. ಕೆನ್ನೆ ಒಳಗೆ ಹೋಗಿತ್ತು. ಆಕೆ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

“ಎಲ್ಲಿ ಮಲಗ್ತಿದ್ದೀರಿ?”

“ಬಸ್ ನಿಲ್ದಾಣದಲ್ಲಿ. ಅಕ್ಕ ಬಾಗಿಲು ತೆಗೀಲಿಲ್ಲ. ಕೊಲೆಗಾರನಿಗೆ ಯಾರೂ ಮನೆ ಕೊಡಲ್ಲ, ಮೇಡಂ.”

“ಕೆಲಸ?”

“ಉಳಿ ಗರಗಸ ಮುಟ್ಟಬಾರದು ಅಂತ ನೀವೇ ಷರತ್ತು ಹಾಕಿದ್ದೀರಿ. ನನಗೆ ಬೇರೆ ಏನು ಬರುತ್ತೆ?”

“ಅದು ನಿಮ್ಮ ಒಳ್ಳೇದಕ್ಕೆ. ಹರಿತವಾದ ವಸ್ತು ನಿಮ್ಮ ಕೈಯಲ್ಲಿ ಇರಬಾರದು.”

ಅವನು ತನ್ನ ಕೈಗಳನ್ನು ನೋಡಿಕೊಂಡ. ಅಂಗೈಯ ಜಡ್ಡು ಸಿಪ್ಪೆ ಏಳುತ್ತಿತ್ತು.

“ನನ್ನನ್ನ ವಾಪಸ್ ಕಳಿಸಿಬಿಡಿ,” ಎಂದ. “ಅಲ್ಲಿ ನನಗೊಂದು ಹಾಸಿಗೆ ಇತ್ತು. ನಾನು ಬಂದ್ರೆ ಕಲಿಯೋ ಹುಡುಗರು ಎದ್ದು ನಿಲ್ತಿದ್ರು. ಇಲ್ಲಿ ನಾಯಿ ಕೂಡ ಹತ್ತಿರ ಬರಲ್ಲ. ಕುಡಿದೆ, ಕಲ್ಲು ಹೊಡೆದೆ, ಇನ್ನೇನು ಮಾಡಲಿ? ಯಾರ ಮೇಲಾದ್ರೂ ಕೈ ಮಾಡಿದ್ರೆ ಪೊಲೀಸರೇ ಎಳ್ಕೊಂಡು ಹೋಗ್ತಾರೆ. ಅದು ನನ್ನ ಕೈಯಲ್ಲಿ ಆಗಲ್ಲ. ಇನ್ನೊಂದು ಜೀವಕ್ಕೆ ನೋವು ಮಾಡಲ್ಲ ಅಂತ ಆವತ್ತೇ ಆಣೆ ಹಾಕ್ಕೊಂಡಿದ್ದೀನಿ.”

“ಗೊತ್ತು. ಅದಕ್ಕೇ ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ.”

ಬಡಗಿ ಕುಸಿದು ಆಕೆಯ ಕಾಲು ಹಿಡಿದ. ಆಕೆ ಕಾಲು ಹಿಂದೆಳೆದುಕೊಳ್ಳಲಿಲ್ಲ. ಅವನ ಬೋಳಾಗುತ್ತಿರುವ ನೆತ್ತಿಯನ್ನು ನೋಡುತ್ತ ಕೂತಳು. ಅವನ ಅಳು ನಿಂತ ಮೇಲೆ ಮೆಲ್ಲಗೆ, ತಾಯಿ ಮಗುವಿಗೆ ಹೇಳುವ ಹಾಗೆ ಹೇಳಿದಳು:

“ನೀವು ಜೈಲಿಗೆ ಹೋಗೋದು ನನಗೆ ಇಷ್ಟ ಇಲ್ಲ. ಇನ್ನೊಂದು ಅವಕಾಶ ಕೊಡ್ತಿದ್ದೀನಿ. ಮುಂದಿನ ವಾರ ಬನ್ನಿ.”

ಅವನು ಗೋಡೆ ಹಿಡಿದುಕೊಂಡು ಇಳಿದು ಹೋದ.

ಬಾಗಿಲ ಬಳಿ ನಿಂತಿದ್ದ ಉಪಾಧಿಕಾರಿಗೆ ತಡೆಯಲಾಗಲಿಲ್ಲ. “ಕೇಳಬಾರದು, ಆದ್ರೂ ಕೇಳ್ತೀನಿ. ಅವನು ನಿಮಗೆ ಏನಾಗಬೇಕು?”

“ಏನೂ ಆಗಬೇಕಾಗಿಲ್ಲ. ಹೀಗೇ ಇದ್ರೆ ಸಾಕು.”

ಇಷ್ಟು ದಿನ ಆಕೆಯನ್ನು ಕಲ್ಲು ಮನಸ್ಸಿನವಳು ಎಂದುಕೊಂಡಿದ್ದಕ್ಕೆ ಉಪಾಧಿಕಾರಿಗೆ ನಾಚಿಕೆಯಾಯಿತು.

ಸಂಜೆ ಆಕೆ ಮನೆಗೆ ಬಂದಾಗ ತಾಯಿ ದೀಪ ಹಾಕದೆ ಊಟದ ಮೇಜಿನ ಮುಂದೆ ಕೂತಿದ್ದಳು. ಕೆಲವು ತಿಂಗಳಿಂದ ಮನೆಯಲ್ಲಿ ಇದೊಂದೇ ಮಾತು ಉಳಿದಿತ್ತು.

“ಇವತ್ತೂ ಬಂದಿದ್ನಾ?”

“ಬಂದಿದ್ದ. ಕಾಲು ಹಿಡ್ಕೊಂಡ. ವಾಪಸ್ ಕಳಿಸಿ ಅಂತ ಅತ್ತ.”

“ನಿನ್ನ ಗುರುತು ಹತ್ತಲಿಲ್ವಾ?”

“ಹೇಗೆ ಹತ್ತುತ್ತೆ, ಅಮ್ಮ? ಕೋರ್ಟಿಗೆ ಹೋಗ್ತಿದ್ದವಳು ನೀನು.”

“ನೀನೇನಂದೆ?”

“ಇನ್ನೊಂದು ಅವಕಾಶ ಕೊಟ್ಟೆ.”

ತಾಯಿಯ ಮುಖದಲ್ಲಿ ಈ ಸಲವಾದರೂ ಒಂದಿಷ್ಟು ನೆಮ್ಮದಿ ಕಾಣುತ್ತದೇನೋ ಎಂದು ಮಗಳು ಕಾದಳು. ಕಾಣಲಿಲ್ಲ.

“ನಿನ್ನ ತಮ್ಮನಿಗೆ ಅವನು ಒಂದೂ ಕೊಡ್ಲಿಲ್ಲ,” ಎಂದಳು ತಾಯಿ.